ಬಾಗಿಲಿಗೆ ತೂಗಿದ ಹಲಗೆ

2016ನೆಯ ಇಸವಿಯ ಅಕ್ಟೋಬರಿನಲ್ಲಿ ನಾನು ವಿದ್ಯಾಭ್ಯಾಸಾರ್ಥವಾಗಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರವನ್ನು ಸೇರಿ, ಹಳೆಯ ಕಟ್ಟಡವೊಂದರ ಮೂರನೆಯ ಅಂತಸ್ತಿನಲ್ಲಿ ಇನ್ನಿಬ್ಬರು ವಿದ್ಯಾರ್ಥಿಗಳೊಡನೆ ಬಿಡಾರ ಮಾಡಿದೆನು. ಕೋಣೆ ಒಬ್ಬೊಬ್ಬರಿಗೆ ಒಂದೊಂದು. ಅಡಿಗೆಮನೆ, ಸ್ನಾನಗೃಹಗಳು ಮೂವರಿಗೂ ಸೇರಿದುವು. ಎರಡು ವಾರಗಳೊಳಗಾಗಿ ನಗರಾಡಳಿತದ ಕಚೇರಿಯಲ್ಲಿ ವಿಳಾಸವನ್ನು ದಾಖಲು ಮಾಡಿಸಿದುದಾಯಿತು. ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದೆಂಬುದನ್ನೂ ಕಲಿತೆನು. ನನ್ನ ಒಗ್ಗರಣೆಯ ಘಾಟಿಗೆ ಸಂಗಡಿಗರು ಕೆಮ್ಮಿದರೇ ಹೊರತು ಮುನಿಯಲಿಲ್ಲ.

ಒಂದು ಮುಂಜಾನೆ ನಮ್ಮ ಬಾಗಿಲಿಗೆ ‘ಕೇರ್‌ವೋಖೆ’ ಎಂದು ಬರೆದ ಚಿಕ್ಕ ಹಲಗೆಯೊಂದು ತೂಗುತ್ತಿದ್ದಿತು. ಗುಡಿಸುವ ವಾರವೆಂದು ಅದರ ಅರ್ಥ. ಆ ಸೀಮೆಯಲ್ಲಿ ಕಟ್ಟಡದ ಮೆಟ್ಟಿಲುಗಳನ್ನು ನಿವಾಸಿಗಳೇ ಸರದಿಯಂತೆ ಗುಡಿಸಿ ಒರಸುವುದು ವಾಡಿಕೆ. ನಗರದ ಕಟ್ಟಳೆಯು 1988ರಲ್ಲಿಯೇ ರದ್ದಾಯಿತಾದರೂ ಬಾಡಿಗೆಯ ಕರಾರುಗಳಲ್ಲಿ ಈ ಪದ್ಧತಿಯು ಉಳಿದುಕೊಂಡಿದೆ.

ವಾಚಕರು ನಗಬಾರದು: ಇಪ್ಪತ್ತಮೂರು ವರ್ಷ ತುಂಬಿದ್ದ ನನಗೆ ಪೊರಕೆ ಹಿಡಿಯಲು ಬಾರದು. ನನ್ನ ಪಾಲಿನ ಕೆಲಸವನ್ನು ಸಂಗಡಿಗರಲ್ಲೊಬ್ಬನು ಎರಡು ಸರದಿಗಳಲ್ಲಿ ಮಾತಿಲ್ಲದೆ ಮಾಡಿ ಮುಗಿಸಿದನು. ಆ ಮೌನವು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ಮೂರನೆಯ ಸಲ ನಾನೇ ಪೊರಕೆಯನ್ನು ಹಿಡಿದು ಹೊರಟೆನು. ಕೆಳಗಿನ ಮನೆಯ ವೃದ್ಧೆಯು ಬಾಗಿಲಲ್ಲಿ ನಿಂತು, ನಾನು ಬುಡದಿಂದ ಮೇಲಕ್ಕೆ ಗುಡಿಸುತ್ತ ಬರುವುದನ್ನು ಕಂಡು, ಸುಮ್ಮನೆ ಬೆರಳೆತ್ತಿ ತುದಿಯ ಮೆಟ್ಟಿಲನ್ನು ತೋರಿದಳು.

ಆ ಸಂಜೆ ತಾಯಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆನು. ಆಕೆ ಬಹಳ ಹೊತ್ತು ನಕ್ಕಳು. ಬಳಿಕ, “ಸೊಂಟ ನೋವಾಯಿತೇನೋ, ಮಗೂ?” ಎಂದು ಕೇಳಿದಳು. ಆ ಪ್ರಶ್ನೆಯನ್ನು ನಾನು ಆಕೆಗೆ ಒಮ್ಮೆಯೂ ಕೇಳಿದವನಲ್ಲವೆಂಬುದು ನೆನಪಾಗಿ, ಉತ್ತರ ಕೊಡುವುದು ತುಸು ತಡವಾಯಿತು.