ದೂರದ ಲೆಕ್ಕ

ಉಡುತಡಿಯಿಂದ ಕಲ್ಯಾಣಕ್ಕೆ ನಕಾಶೆಯ ಮೇಲೆ ನೇರವಾಗಿ ಗೆರೆ ಎಳೆದರೂ 400 ಕಿ.ಮೀ. ಮೀರುತ್ತದೆ. ಅಕ್ಕಮಹಾದೇವಿಯವರು ಆ ದಾರಿಯನ್ನು ಬರಿಗಾಲಿನಲ್ಲಿ ಸವೆಸಿದರೆಂದು ಪರಂಪರೆ ಹೇಳುತ್ತದೆ. ನಮ್ಮ ಕಾಲದಲ್ಲಿ ಆ ಎರಡು ಸೀಮೆಗಳಲ್ಲೂ ವಿಮಾನ ನಿಲ್ದಾಣಗಳಾದವು. ಕಲಬುರಗಿಯ ನಿಲ್ದಾಣ 2019ರ ನವೆಂಬರಿನಲ್ಲಿ ಆರಂಭವಾಯಿತು. ಶಿವಮೊಗ್ಗೆಯ ಸೋಗಾನೆಯ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಪ್ರಯಾಣಿಕರ ಸಂಚಾರಕ್ಕೆ ತೆರೆದುಕೊಂಡಿತು. ದೂರವೆಂಬುದು ಇನ್ನು ಅಳಿಯಿತೆಂದೇ ನಾವು ಭಾವಿಸಿದ್ದೆವು.

2024ರಲ್ಲಿ ಒಂದು ಮುಂಜಾನೆ ಶಿವಪೂಜೆ ಮುಗಿಯುವ ಹೊತ್ತಿಗೆ ಕಲಬುರಗಿಯಿಂದ ದೂರವಾಣಿ ಬಂದಿತು. ಮಠದಲ್ಲಿ ನಮ್ಮೊಡನೆ ಒಂದೇ ಚಾಪೆಯ ಮೇಲೆ ಕುಳಿತು ವ್ಯಾಕರಣ ಕಲಿತ ಗುರುಬಂಧುವಿನ ಮಗ ಮಾತನಾಡುತ್ತಿದ್ದ. “ಅಪ್ಪಾರು ನಿಮ್ಮನ್ನೇ ನೆನಸ್ಲಕತ್ತಾರ್ರಿ, ಲಗೂನ ಬರ್ರಿ” ಎಂದ. ಕಾರು ಮಾಡಿ ಹೊರಡೋಣವೆಂದು ನಮ್ಮ ಮನೆಯವರು ಹೇಳಿದರು. ಶಿಷ್ಯನೊಬ್ಬ ವಿಮಾನದ ಲೆಕ್ಕ ಮುಂದಿಟ್ಟ: ಬೆಂಗಳೂರಿಗೆ ಒಂದು ಗಂಟೆ, ಅಲ್ಲಿಂದ ಕಲಬುರಗಿಗೆ ಒಂದು ಗಂಟೆಯ ಮೇಲೆ ಸ್ವಲ್ಪ. ಎರಡೂಕಾಲು ಗಂಟೆ ಎಂಬ ಮಾತಿಗೆ ನಾವು ಮರುಳಾದೆವು. ವಿಮಾನದಲ್ಲಿ ಹೋಗುವ ಹಮ್ಮೂ ಒಳಗೆ ಇತ್ತೆಂಬುದನ್ನು ಮುಚ್ಚಿಡಲಾರೆವು.

ಆ ಲೆಕ್ಕದಲ್ಲಿ ಬಿಟ್ಟುಹೋದದ್ದು ಬಹಳವಿತ್ತು. ಎರಡು ನಿಲ್ದಾಣಗಳ ನಡುವೆ ನೇರ ಅಂತರ ಸುಮಾರು 410 ಕಿ.ಮೀ. ಆದರೆ ನೇರ ವಿಮಾನ ನಮಗೆ ಸಿಗಲಿಲ್ಲ. ಬೆಂಗಳೂರನ್ನು ಬಳಸಿದಾಗ ಅದೇ ಅಂತರ ಆಕಾಶದಲ್ಲಿಯೇ ಸುಮಾರು 700 ಕಿ.ಮೀ. ಆಯಿತು. ನಿಲ್ದಾಣಕ್ಕೆ ಮೊದಲೇ ಹೋಗಿ ತಪಾಸಣೆಗೆ ನಿಲ್ಲಬೇಕು. ವಿಮಾನ ನೆಲದ ಮೇಲೆ ಸರದಿ ಕಾಯಬೇಕು. ಏರುವುದಕ್ಕೂ ಇಳಿಯುವುದಕ್ಕೂ ಹೊತ್ತು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನಮಗೆ ದೊರೆತ ಕಲಬುರಗಿಯ ವಿಮಾನ ಮರುದಿನ ಬೆಳಿಗ್ಗೆಯದು. ಆ ರಾತ್ರಿ ಬೆಂಗಳೂರಿನ ವಸತಿಗೃಹದಲ್ಲಿ ಮಲಗಿದೆವು.

ಮನೆಯ ಹೊಸ್ತಿಲು ದಾಟಿದ ಇಪ್ಪತ್ತೇಳನೆಯ ಗಂಟೆಗೆ ಗೆಳೆಯನ ಮಂಚದ ಬಳಿ ನಿಂತೆವು. ಹಿಂದಿನ ರಾತ್ರಿ ಹನ್ನೊಂದರ ಸುಮಾರಿಗೆ ಅವರ ಮಾತು ನಿಂತುಹೋಗಿತ್ತು. ಅದಕ್ಕೆ ಮೊದಲು ಮೂರು ಸಲ “ಬಂದ್ರೇನು?” ಎಂದು ಕೇಳಿದ್ದರಂತೆ. ಕಾರಿನಲ್ಲಿ ಹೊರಟಿದ್ದರೆ ಸಂಜೆಯ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಅಲ್ಲಿರುತ್ತಿದ್ದೆವು. ಅವರ ಅಂಗೈಯನ್ನು ನಮ್ಮ ಅಂಗೈಯಲ್ಲಿಟ್ಟುಕೊಂಡೆವು. ಬೆರಳುಗಳು ಮೆಲ್ಲನೆ ಬಿಗಿದವು. ಮೂರನೆಯ ದಿನ ಅವರು ಲಿಂಗೈಕ್ಯರಾದರು.

ಇದು ವಿಮಾನದ ದೋಷವಲ್ಲ. ಅದು ತನ್ನ ಮಾತಿನಂತೆ ನಡೆದುಕೊಂಡಿತು. ನಿಲ್ದಾಣದಿಂದ ನಿಲ್ದಾಣಕ್ಕೆ ತಲುಪಿಸಿತು. ಆದರೆ ರೋಗಿಯ ಮಂಚವಿರುವುದು ನಿಲ್ದಾಣದಲ್ಲಲ್ಲ, ಮನೆಯಲ್ಲಿ. ಆದುದರಿಂದ ಹೊಸ್ತಿಲಿನಿಂದ ಹೊಸ್ತಿಲಿಗೆ ಎಷ್ಟು ಹೊತ್ತೆಂದು ಎಣಿಸಿಯೇ ಹೊರಡಬೇಕು. ಕರೆ ಬರುವವರೆಗೂ ಕಾಯದೆ ಹೋಗಿಬರುವುದು ಅದಕ್ಕಿಂತಲೂ ಮೇಲು. ಎಂಟು ವರ್ಷಗಳಿಂದ ಆ ಗೆಳೆಯರ ಮನೆಗೆ ನಾವು ಹೋಗಿರಲಿಲ್ಲ. ನಿಜವಾದ ದೂರ ಅದೇ ಆಗಿತ್ತು. ಅದನ್ನು ಯಾವ ವಿಮಾನವೂ ಕಡಿಮೆ ಮಾಡಲಾರದು.