ಜವಳಿಗೆ ಹೊರಟ ದಂಡು

ಚಿಕ್ಕಪೇಟೆಗೆ ಜವಳಿ ತೆಗೆಯಲು ಹೋಗುವವರು ಐದು ಜನಕ್ಕಿಂತ ಕಡಿಮೆ ಇದ್ದರೆ ಅಂಗಡಿಯವರು ಅವರನ್ನು ಮದುವೆ ಗಿರಾಕಿಗಳೆಂದು ನಂಬುವುದೇ ಇಲ್ಲ. ದುಡ್ಡು ಕೊಡುವವರೊಬ್ಬರು, ಬೇಡ ಅನ್ನುವವರೊಬ್ಬರು, ‘ನಮ್ಮ ನಾದಿನಿ ಮದುವೇಲಿ ಇದೇ ಸೀರೆ ಅರ್ಧ ಬೆಲೆಗೆ ತಗೊಂಡಿದ್ವಿ’ ಅನ್ನುವವರೊಬ್ಬರು, ಮದುಮಗಳು, ಆಮೇಲೆ ಚೀಲ ಹೊರುವುದಕ್ಕೊಬ್ಬ. ನಮ್ಮ ದಂಡಿನಲ್ಲಿ ಈ ಕೊನೆಯ ಹುದ್ದೆ ನನ್ನದು. ಸೋದರಮಾವನಾದವನು ಶಾಸ್ತ್ರದ ಪ್ರಕಾರ ಮದುಮಗಳನ್ನು ಎತ್ತಿಕೊಂಡು ಮಂಟಪಕ್ಕೆ ತರಬೇಕು. ಅದರ ತಾಲೀಮಿಗೆಂದು ಅವಳ ಸೀರೆಗಳನ್ನು ಮೊದಲು ಹೊರಿಸುತ್ತಾರೆ.

ದಂಡು ಮೆಟ್ರೋದಲ್ಲಿ ಬಂದಿಳಿಯಿತು. 2017ರಲ್ಲಿ ಹಸಿರು ಮಾರ್ಗದ ಸುರಂಗ ತೆರೆದ ಮೇಲೂ ಚಿಕ್ಕಪೇಟೆಗೆ ಕಾರು ತರುವವರಿದ್ದಾರೆ. ಅವರ ಧೈರ್ಯಕ್ಕೆ ಕೈಮುಗಿಯಬೇಕು. ನಿಲ್ದಾಣದ ಮೆಟ್ಟಿಲು ಹತ್ತಿ ಹೊರಬಂದರೆ ಕೆಂಪೇಗೌಡರ ಪೇಟೆ. 1537ರಲ್ಲಿ ಊರು ಕಟ್ಟುವಾಗ ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಕಟ್ಟಿದ ಎತ್ತುಗಳನ್ನು ಬಿಟ್ಟರಂತೆ. ಅವು ಉತ್ತು ಹೋದ ಸಾಲುಗಳೇ ಬೀದಿಗಳಾದವು ಎಂಬುದು ಕಥೆ. ಈಗ ಅದೇ ಚೌಕದಲ್ಲಿ ಎತ್ತು ಬಿಟ್ಟರೆ ಮೊದಲ ಸೀರೆ ಅಂಗಡಿಯನ್ನೂ ದಾಟಲಾರದು. ‘ಬನ್ನಿ, ಧಾರೆ ಸೀರೆ ನೋಡಿ, ನೋಡೋಕೆ ದುಡ್ಡಿಲ್ಲ’ ಎಂದು ಯಾರಾದರೂ ಕೊಂಬು ಹಿಡಿದು ಮೇಲಿನ ಮಹಡಿಗೆ ಹತ್ತಿಸಿಬಿಡುತ್ತಾರೆ.

ಮದುವೆಗೆ ಬೇಕಾದದ್ದೆಲ್ಲ ಇಲ್ಲಿ ನಡೆದುಹೋಗುವಷ್ಟು ದೂರದಲ್ಲಿದೆ. ಲಗ್ನಪತ್ರಿಕೆಗೆ ಸುಲ್ತಾನ್‌ಪೇಟೆ, ಲೇಸು, ಮಣಿ, ಗುಂಡಿಗಳಿಗೆ ಮಾಮೂಲ್‌ಪೇಟೆ, ಒಡವೆಗೆ ನಗರ್ತಪೇಟೆ ಮತ್ತು ಅವೆನ್ಯೂ ರಸ್ತೆಯಾಗಿರುವ ಹಳೆಯ ದೊಡ್ಡಪೇಟೆ, ಓಲಗದವರ ಡೋಲು ಹರಿದರೆ ಬಳೇಪೇಟೆಯ ವಾದ್ಯದಂಗಡಿ, ಹೂವಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಗಂಡೊಂದನ್ನು ಮಾತ್ರ ಹೊರಗಿನಿಂದ ತರಬೇಕು.

ಸೀರೆ ಅಂಗಡಿಯ ಮಹಡಿಯಲ್ಲಿ ಬಿಳಿ ಬಟ್ಟೆ ಹೊದಿಸಿದ ಹಾಸಿಗೆ. ಚಪ್ಪಲಿ ಬಿಟ್ಟು ಕೂತೆವು. ಕೂತದ್ದೇ ತಡ, ಕೈಗೆ ಕಾಫಿ ಬಂತು. ಆ ಕಾಫಿಯೇ ಬಲೆ. ಕುಡಿದ ಮೇಲೆ ಬರಿಗೈಯಲ್ಲಿ ಎದ್ದುಹೋಗಲು ನಮ್ಮ ಜನಕ್ಕೆ ದಾಕ್ಷಿಣ್ಯ. ಅಂಗಡಿಯ ಹುಡುಗ ಒಂದರ ಮೇಲೊಂದು ಸೀರೆ ಬಿಡಿಸಿ ಎಸೆಯತೊಡಗಿದ. ನನ್ನ ಅಕ್ಕನ ಮಗಳು ಫೋನು ತೆಗೆದು ಒಂದು ಚಿತ್ರ ತೋರಿಸಿ, ‘ಇಂಥ ಸೇಜ್ ಗ್ರೀನ್ ಬೇಕು’ ಅಂದಳು. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿ, ‘ಒಣಗಿದ ಕರಿಬೇವಲ್ವೇನೇ ಇದು?’ ಅಂದರು. ಪೀಚ್ ಬಂತು, ದೊಡ್ಡಮ್ಮನಿಗೆ ಅದು ಈರುಳ್ಳಿ ಸಿಪ್ಪೆ. ಲ್ಯಾವೆಂಡರ್ ಬಂತು, ಎಳೆ ಬದನೆಕಾಯಿ. ಮಸ್ಟರ್ಡ್ ಎಂದು ಹುಡುಗ ಹೇಳಿದ್ದು ಅವರ ಲೆಕ್ಕದಲ್ಲಿ ಹುರಿದ ಮೆಂತ್ಯ. ಅರ್ಧ ಗಂಟೆಯಲ್ಲಿ ಹಾಸಿಗೆಯ ಮೇಲೆ ಒಂದು ಅಡುಗೆಮನೆಯೇ ಹರಡಿಕೊಂಡಿತು. ತಕರಾರಿಲ್ಲದೆ ಇಬ್ಬರೂ ಒಪ್ಪಿದ ಬಣ್ಣ ಎಂ.ಎಸ್. ಬ್ಲೂ ಒಂದೇ. ಎಂ.ಎಸ್. ಸುಬ್ಬುಲಕ್ಷ್ಮಿಯವರು ಉಟ್ಟ ಕಾಂಚೀಪುರದ ಸೀರೆಯಿಂದ ಹೆಸರು ಪಡೆದ ಆ ನೀಲಿಯ ಮುಂದೆ ವಾದ ಮಾಡಲು ಯಾರಿಗೂ ಬಾಯಿ ಬರುವುದಿಲ್ಲ.

ಧಾರೆ ಸೀರೆಯ ಮಾತು ಬೇರೆ. ನಮ್ಮ ಮನೆಯಲ್ಲಿ ಅದು ಬಿಳಿ, ಕೆಂಪಂಚು. ಅದರಲ್ಲಿ ಸೇಜು ಪೀಚುಗಳಿಗೆ ಪ್ರವೇಶವಿಲ್ಲ. ಉಳಿದಂತೆ ಎಲ್ಲಿಯದಾದರೂ ಆಗಬಹುದು. ಆರತಕ್ಷತೆಗೆ ಕಂಚಿಯದು, ಗೌರಿಪೂಜೆಗೆ ಮೊಳಕಾಲ್ಮೂರಿನದು, ಬೀಗಿತ್ತಿಗೆ ಮೈಸೂರು ಸಿಲ್ಕ್. ಈ ಕೊನೆಯದನ್ನು ಚಿಕ್ಕಪೇಟೆಯಲ್ಲಿ ಕೇಳಬಾರದು ಎಂದು ಭಾವ ಮೊದಲೇ ತಾಕೀತು ಮಾಡಿದ್ದರು. ಅವರ ಪ್ರಕಾರ ಮೈಸೂರು ಸಿಲ್ಕೆಂದರೆ 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯದು ಮಾತ್ರ. ಅದರ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ ಎಂದು ಭಾವ ಬಾಯಿಪಾಠ ಒಪ್ಪಿಸುತ್ತಾರೆ. ಅದನ್ನು ಕೇಳಿದಾಗೆಲ್ಲ ಅಕ್ಕ, ‘ನನಗೆ ಒಂದೂ ಕೊಡಿಸಿಲ್ಲ, ಲೆಕ್ಕ ಮಾತ್ರ ಗೊತ್ತು’ ಎನ್ನುತ್ತಾಳೆ.

ಸೀರೆಯನ್ನು ಹೆಂಗಸರು ಪರೀಕ್ಷಿಸುವ ಕ್ರಮ ನೋಡಲು ಚೆಂದ. ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ, ಮುಷ್ಟಿಯಲ್ಲಿ ಮುದುರಿ ಬಿಡುತ್ತಾರೆ, ಜರಿಯ ಹಿಂಭಾಗವನ್ನು ಉಗುರಿನಿಂದ ಗೀರುತ್ತಾರೆ, ಕೊನೆಗೆ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ಎಂದು ಹುಡುಕುತ್ತಾರೆ. ದೊಡ್ಡಮ್ಮ ಇಷ್ಟೆಲ್ಲ ಮಾಡಿ, ‘ಟೆಸ್ಟೆಡ್ ಜರಿ ಕಣಪ್ಪ ಇದು, ಪ್ಯೂರ್ ತೆಗಿ’ ಅಂದರು. ಹುಡುಗ ಸಣ್ಣಗೆ ನಕ್ಕು ಒಳಗಿನ ಬೀರು ತೆಗೆದ. ಬೆಲೆ ಹೇಳಿದಾಗ ಸುಮಾರು ಹೊತ್ತು ಚೌಕಾಸಿ ನಡೆಯಿತು. ಅವರಿಗಿದು ದಿನದ ಕೆಲಸ, ನಮಗೆ ಹಬ್ಬ. ಗೋಡೆಯ ಮೇಲೆ ‘ಒಂದೇ ದರ’ ಎಂಬ ಫಲಕವಿತ್ತು. ಅದನ್ನು ಓದಿದವನು ನಾನೊಬ್ಬನೇ.

ಅಲ್ಲಿಂದ ನಗರ್ತಪೇಟೆ. ಮುಂಬಾಗಿಲಿನ ಒಡವೆ ಅಂಗಡಿಗಳಲ್ಲಿ ಗಾಜು, ಹವಾನಿಯಂತ್ರಣ. ಹಿಂದಿನ ಓಣಿಗಳಲ್ಲಿ, ಕಿರಿದಾದ ಮೆಟ್ಟಿಲುಗಳ ತುದಿಯಲ್ಲಿ, ನಿಜವಾದ ಕೆಲಸ. ಒಂದು ಕೋಣೆಯಲ್ಲಿ ಏಳೆಂಟು ಜನ ಚಕ್ಕಂಬಕ್ಕಳ ಹಾಕಿ ಕೂತು ಊದುಕೊಳವೆಯಲ್ಲಿ ಬೆಸುಗೆ ಹಾಕುತ್ತಿರುತ್ತಾರೆ. ಅವರಲ್ಲಿ ಬಹಳ ಮಂದಿ ಬಂಗಾಳದಿಂದ ಬಂದ ಕುಶಲಕರ್ಮಿಗಳು. ನಮ್ಮ ಹೆಣ್ಣುಮಕ್ಕಳ ಕೊರಳಿನ ಅಡ್ಡಿಗೆ, ಕಾಸಿನ ಸರ, ಅವಲಕ್ಕಿ ಸರಗಳಲ್ಲಿ ಎಷ್ಟೋ ಈಗ ಬಂಗಾಳಿ ಮಾತಾಡುವ ಬೆರಳುಗಳಲ್ಲಿ ಹುಟ್ಟುತ್ತವೆ. ಅರದ ಪುಡಿ ಒಂದಿಷ್ಟು ನೆಲಕ್ಕೆ, ಒಂದಿಷ್ಟು ಚಾಪೆಗೆ, ಒಂದಿಷ್ಟು ಚರಂಡಿಗೂ ಹೋಗುತ್ತದೆ. ಅದಕ್ಕೇ ಅಕ್ಕಸಾಲಿಗರ ಬೀದಿಯ ಕಸಕ್ಕೂ ಬೆಲೆ. ಅದನ್ನು ಗುಡಿಸಿ, ತೊಳೆದು, ಸೋಸಿ ಕಣ ಹುಡುಕುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ನಾವು ಬಿಲ್ಲಿನಲ್ಲಿ ‘ವೇಸ್ಟೇಜ್’ ಎಂದು ಕೊಟ್ಟದ್ದರಲ್ಲಿ ಅವರ ಪಾಲೂ ಸೇರಿರಲಿ ಎಂದು ನನ್ನ ಆಸೆ.

ಆ ವೇಸ್ಟೇಜ್ ಎಂಬುದರ ಮುಂದೆಯೇ ನಮ್ಮ ದಂಡು ಮೊದಲ ಬಾರಿಗೆ ಮೌನವಾದದ್ದು. ಅಂಗಡಿಯವರು ಕ್ಯಾಲ್ಕುಲೇಟರ್ ನಮ್ಮ ಕಡೆ ತಿರುಗಿಸಿ ಹೇಳುತ್ತಾ ಹೋದರು: ಇವತ್ತಿನ ಗ್ರಾಂ ರೇಟು ಇಷ್ಟು, ತೂಕ ಇಷ್ಟು, ಕಲ್ಲಿನ ತೂಕ ಕಳೆದರೆ ಇಷ್ಟು, ವೇಸ್ಟೇಜ್ ನೂರಕ್ಕೆ ಇಷ್ಟು, ಅದರ ಮೇಲೆ 3 ಪರ್ಸೆಂಟ್ ಜಿಎಸ್‌ಟಿ. ಸೀರೆಯ ಸೆರಗನ್ನು ಉಗುರಲ್ಲಿ ಗೀರಿದ ದೊಡ್ಡಮ್ಮ ಇಲ್ಲಿ ಮಡಿಲಲ್ಲಿ ಕೈಯಿಟ್ಟು ಕೂತಿದ್ದರು. ಚೌಕಾಸಿಗೆ ಜಾಗವಿದ್ದದ್ದು ವೇಸ್ಟೇಜ್ ಒಂದರಲ್ಲೇ. ಭಾವ ಗಂಟಲು ಸರಿಮಾಡಿಕೊಂಡು, ‘ಏನಾದ್ರೂ ಸ್ವಲ್ಪ…’ ಅಂದರು. ಅಂಗಡಿಯವರು ಚೂರು ಇಳಿಸಿ ಒಂದು ಕ್ಯಾಲೆಂಡರನ್ನೂ ಕೆಂಪು ಪರ್ಸನ್ನೂ ಕೊಟ್ಟರು. ಅಷ್ಟಕ್ಕೇ ನಮಗೆ ಉಪಕಾರವಾದಂತಾಯಿತು.

ಬೆಲೆ ಏರಿದಷ್ಟೂ ನಮ್ಮ ಬಾಯಿ ಮುಚ್ಚಿಕೊಳ್ಳುತ್ತದೆ. ನಾನು ಆ ದಿನವೆಲ್ಲ ಚೀಲ ಹೊತ್ತು ಕಂಡುಕೊಂಡದ್ದು ಇದು. ಹಿಂದೆ ಮನೆಯ ಅಕ್ಕಸಾಲಿಗರು ಜಗಲಿಯ ಮೇಲೆ ಕೂತು ಒರೆಗಲ್ಲಿಗೆ ತಿಕ್ಕಿ, ಗುಲಗಂಜಿ ಹಾಕಿ ತೂಗುತ್ತಿದ್ದರು. ಆಗಲೂ ನಂಬಿಕೆಯೇ, ಆದರೆ ಕಣ್ಣೆದುರಿನ ನಂಬಿಕೆ. ಅನುಮಾನ ಬಂದರೆ ಕಲ್ಲನ್ನು ಇಸಿದುಕೊಂಡು ನೋಡಬಹುದಿತ್ತು. ಈಗ ಒಡವೆಯ ಒಳಬದಿಯಲ್ಲಿ ಆರು ಅಕ್ಷರ, ಅಂಕಿಗಳ ಗುರುತು ಕೊರೆದಿರುತ್ತದೆ. 2021ರಿಂದ ಹಾಲ್‌ಮಾರ್ಕ್ ಕಡ್ಡಾಯವಾದದ್ದು ನಿಜಕ್ಕೂ ಒಳ್ಳೆಯದೇ. 916 ಎಂದಿದ್ದರೆ 22 ಕ್ಯಾರೆಟ್, ತಕರಾರಿಲ್ಲ. ಆದರೆ ಆ ಗುರುತನ್ನು ಓದಲು ಭೂತಗನ್ನಡಿ ಬೇಕು, ಅದನ್ನು ಕೇಳಿ ಪಡೆಯಲು ನಮ್ಮವರಿಗೆ ಸಂಕೋಚ. ಚಿನ್ನದ ಅಂಗಡಿಯಲ್ಲಿ ಅನುಮಾನ ತೋರಿಸಿದರೆ ನಮ್ಮ ಅಂತಸ್ತೇ ಇಳಿದುಹೋಗುತ್ತದೆ ಎಂಬ ಅಳುಕು.

ಕ್ಯಾರೆಟ್ಟಿನ ಮಾತು ಬಂದಾಗ ನಮ್ಮಜ್ಜಿಯ ನೆನಪಾಗುತ್ತದೆ. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಮೊರಾರ್ಜಿ ದೇಸಾಯಿಯವರ ಚಿನ್ನ ನಿಯಂತ್ರಣ ಬಂದು, 14 ಕ್ಯಾರೆಟ್ಟಿಗಿಂತ ಹೆಚ್ಚಿನ ಒಡವೆ ಮಾಡಕೂಡದು ಎಂದಾಯಿತು. ಎಷ್ಟೋ ಅಕ್ಕಸಾಲಿಗರ ಕುಲುಮೆ ಆರಿತು. ಅಜ್ಜಿಗೆ ಆ ಸಿಟ್ಟು ಕೊನೆಯವರೆಗೂ ಇತ್ತು. ಮಾತಿಗೆ ತಪ್ಪುವ ಗಂಡಸರನ್ನು ಅವರು ‘ಹದಿನಾಲ್ಕು ಕ್ಯಾರೆಟ್ಟಿನೋನು’ ಎಂದು ಬೈಯುತ್ತಿದ್ದರು. ಈಗ ಅವರ ಮರಿಮಗಳು ಗಾಜಿನಾಚೆಯ 14 ಕ್ಯಾರೆಟ್ಟಿನ ವಜ್ರದ ಲೋಲಾಕಿಗೆ ಬೆರಳು ತೋರಿಸಿ, ‘ಇದು ಕ್ಲಾಸಿಯಾಗಿದೆ ಅಲ್ವಾ ಮಾಮ? ಆಫೀಸಿಗೂ ಹಾಕೋಬಹುದು’ ಅಂದಳು. ಅಜ್ಜಿ ಇಲ್ಲದಿರುವುದೇ ಒಳ್ಳೆಯದಾಯಿತು.

ಹುಡುಗಿಯ ಲೆಕ್ಕವೂ ಸರಿಯೇ. ಡಾಬು, ವಂಕಿ, ಜಡೆಬಿಲ್ಲೆಗಳನ್ನು ಎರಡು ದಿನಕ್ಕೆ ಬಾಡಿಗೆಗೆ ತಂದರಾಯಿತು. ಚಿನ್ನದ ನೀರು ಹಾಯಿಸಿದ ಬೆಳ್ಳಿಯವೂ ಫೋಟೋದಲ್ಲಿ ಚಿನ್ನದ ಹಾಗೇ ಬೀಳುತ್ತವೆ ಎನ್ನುತ್ತಾಳೆ. ಸುಳ್ಳಲ್ಲ. ‘ಫೋಟೋ ಇಟ್ಕೊಂಡು ಬ್ಯಾಂಕಲ್ಲಿ ಸಾಲ ಕೊಡಲ್ಲ’ ಎಂದು ದೊಡ್ಡಮ್ಮ ಅಂದದ್ದೂ ಸುಳ್ಳಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಎಲ್ಲರಿಗೂ ಹಸಿವು, ಕಾಲುನೋವು. ಓಣಿಯ ಮೂಲೆಯಲ್ಲಿ ಒಂದು ಮಸಾಲೆ ಪುರಿ ಗಾಡಿ. ತಗಡಿನ ಮೇಲೆ ಬಟಾಣಿ ಗೊಜ್ಜು ಕುದಿಯುತ್ತಿತ್ತು. ಒಡವೆ ಅಂಗಡಿಯಲ್ಲಿ ಹೆಪ್ಪುಗಟ್ಟಿದ್ದ ನಮ್ಮ ದಂಡಿಗೆ ಇಲ್ಲಿ ಜೀವ ಬಂತು.

‘ಏನಪ್ಪ, ಗೊಜ್ಜಿಗೆ ಲವಂಗ ಜಾಸ್ತಿ ಹಾಕಿದ್ದೀಯಾ?’ ತಿನ್ನುವ ಮೊದಲೇ ದೊಡ್ಡಮ್ಮ ವಾಸನೆಯಲ್ಲೇ ತೀರ್ಪು ಕೊಟ್ಟರು. ‘ಎಣ್ಣೆ ಯಾವುದು? ಬೆಳಗಿಂದು ಅಲ್ಲ ತಾನೇ?’ ಅಕ್ಕನಿಗೆ ಈರುಳ್ಳಿ ಬೇಡ, ಕ್ಯಾರೆಟ್ ತುರಿ ಜಾಸ್ತಿ. ಮದುಮಗಳಿಗೆ ಖಾರ ಜಾಸ್ತಿ, ಸಿಹಿ ಹನಿಯೂ ಬೇಡ. ಭಾವನಿಗೆ ಪುರಿ ಗೊಜ್ಜಿನಲ್ಲಿ ನೆನೆಯಬೇಕು, ಆದರೆ ಪೂರ್ತಿ ಕರಗಬಾರದು. ಇದನ್ನು ಅವರು ವಿವರಿಸಿದ ಶ್ರದ್ಧೆಯ ಕಾಲುಭಾಗ ವೇಸ್ಟೇಜ್ ಕೇಳುವಾಗ ತೋರಿಸಿದ್ದರೆ ಒಂದು ಜೊತೆ ಕಾಲುಂಗುರದ ದುಡ್ಡು ಉಳಿಯುತ್ತಿತ್ತು. ತಟ್ಟೆ ಬಂತು. ದೊಡ್ಡಮ್ಮ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಗಾಡಿಯವನು ಸೌಟು ಹಿಡಿದು ಕಾದ. ‘ಪರವಾಗಿಲ್ಲ’ ಅಂದರು. ಅವನ ಮುಖ ಅರಳಿತು. ಇಂಥ ಗಿರಾಕಿಗಳ ‘ಪರವಾಗಿಲ್ಲ’ದ ತೂಕ ಅವನಿಗೆ ಗೊತ್ತು. ಕೊನೆಗೆ ಸುಖಾ ಪುರಿಯನ್ನು ಕೇಳಿಯೇ ಪಡೆದರು. ಅದು ಹಕ್ಕು. ಲಕ್ಷಾಂತರದ ಅಂಗಡಿಯಲ್ಲಿ ಸಿಕ್ಕ ಕ್ಯಾಲೆಂಡರಿಗಿಂತ ಆ ಒಂದು ಪುರಿ ಅವರಿಗೆ ಹೆಚ್ಚು ಸಮಾಧಾನ ಕೊಟ್ಟಿತೆಂದು ನನ್ನ ಗುಮಾನಿ.

ತಿಂಡಿಗಾಗಿಯೇ ಹೋಗುವುದಾದರೆ ವಿ.ವಿ. ಪುರದ ತಿಂಡಿಬೀದಿ ಇದೆ. ಅವರೆಕಾಯಿ ಕಾಲದಲ್ಲಿ ಆ ಕಡೆ ಹಾಯ್ದರೆ ಸೊಗಡಿಗೇ ಹೊಟ್ಟೆ ತುಂಬುತ್ತದೆ. ಆದರೂ ನನ್ನ ಓಟು ಪೇಟೆಗೇ. ಅಲ್ಲಿ ತಿನ್ನಲು ಹೋಗುತ್ತೇವೆ. ಇಲ್ಲಿ ತಿನ್ನದೆ ವಿಧಿಯಿಲ್ಲ ಎನ್ನುವ ಸ್ಥಿತಿಗೆ ಬಂದು ತಿನ್ನುತ್ತೇವೆ. ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದ ಸಾಗು ಮಸಾಲೆ ದೋಸೆಯನ್ನು ಸೀರೆ ಚೀಲ ತೊಡೆಯ ಮೇಲಿಟ್ಟುಕೊಂಡು, ಸಾಗು ತಾಗದಂತೆ ಮೊಣಕೈ ಎತ್ತಿ ತಿಂದವರಿಗೆ ಇದು ಅರ್ಥವಾಗುತ್ತದೆ.

ಹಸಿರು ಗಾಜಿನ ಬಳೆ ಕೊಳ್ಳುವಾಗ ಅಂಗಡಿಯವರು ಒಂದು ಮಾತು ಹೇಳಿದರು: ಕರಗದ ಹೊತ್ತಿಗೆ ಬಂದಿದ್ದರೆ ಇಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತದೆ. ಹೊರುವ ಪೂಜಾರಿ ಸೀರೆಯುಟ್ಟು, ಬಳೆ ತೊಟ್ಟು, ಮಲ್ಲಿಗೆ ಮುಚ್ಚಿದ ಕರಗವನ್ನು ತಲೆಯ ಮೇಲೆ ಕೈಬಿಟ್ಟು ಹೊತ್ತು, ಕತ್ತಿ ಹಿಡಿದ ವೀರಕುಮಾರರ ನಡುವೆ ಇದೇ ಓಣಿಗಳಲ್ಲಿ, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಿನವರೆಗೆ ನಡೆಯುತ್ತಾರೆ. ಇಷ್ಟೊಂದು ಮದುಮಕ್ಕಳು ಸಿಂಗಾರ ಕೊಳ್ಳಲು ಬರುವ ಪೇಟೆಯಲ್ಲಿ ಇಡೀ ಊರು ನಿದ್ದೆಗೆಟ್ಟು ಕಾದು ನೋಡುವ ಸಿಂಗಾರ ಒಬ್ಬ ಗಂಡಸಿನದು. ಅದಕ್ಕೆ ಬೆಲೆ ಕೇಳುವವರೂ ಇಲ್ಲ, ಬಣ್ಣದ ತಕರಾರೂ ಇಲ್ಲ.

ಕೊನೆಗೆ ಉಳಿದದ್ದು ರವಿಕೆ. ಇತ್ತೀಚೆಗೆ ಸೀರೆಗಿಂತ ರವಿಕೆಯದೇ ದೊಡ್ಡ ವ್ಯವಹಾರ. ಆರಿ ಕೆಲಸ, ಬೆನ್ನ ಮೇಲೆ ನವಿಲು, ತೋಳಿನ ಮೇಲೆ ಆನೆ, ಸಾಧ್ಯವಾದರೆ ಪಲ್ಲಕ್ಕಿಯಲ್ಲಿ ವಧೂವರರು. ಟೈಲರ್ ಅಳತೆ ತೆಗೆದುಕೊಂಡು ಕತ್ತು ಎತ್ತದೆ ಕೇಳಿದರು:

‘ಮದುವೆ ಯಾವತ್ತು?’

‘ಹತ್ತನೇ ತಾರೀಖು,’ ದೊಡ್ಡಮ್ಮ ಕಣ್ಣು ಮಿಟುಕಿಸದೆ ಹೇಳಿದರು. ಮದುವೆ ಇದ್ದದ್ದು ಹದಿನೇಳಕ್ಕೆ. ಯಾರೂ ತಿದ್ದಲಿಲ್ಲ. ಟೈಲರಿಗೆ ಹೇಳುವ ಮುಹೂರ್ತವೇ ಬೇರೆ ಎಂಬುದು ಹೆಣ್ಣಿನ ಕಡೆಯವರಿಗೆಲ್ಲ ತಿಳಿದದ್ದು.

ಟೈಲರ್ ರಸೀದಿ ಹರಿದು ಕೊಟ್ಟರು. ಅದರ ಮೇಲೆ ‘16, ಸಂಜೆ’ ಎಂದಿತ್ತು.