ಎರೆಯ ನೆಲ, ಎರಡು ಬಗೆಯ ಮನೆ

ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯ ಹೆಸರಿನಲ್ಲಿಯೇ ಗೃಹನಿರ್ಮಾಣದ ಮೊದಲ ಪಾಠವೊಂದು ಅಡಗಿದೆ. ತೆಲುಗಿನ ಆಡುಮಾತಿನಲ್ಲಿ ಬೇವಿಗೆ ಯಾಪ ಎನ್ನುವುದುಂಟು. ದಿನ್ನಿಯೆಂಬುದು ಕನ್ನಡದ ದಿನ್ನೆಯೇ, ಎಂದರೆ ಎತ್ತರದ ನೆಲ. ಎರಡು ಭಾಷೆಗಳು ಕೂಡುವ ಗಡಿಸೀಮೆಯ ಊರಿಗೆ ಎರಡೂ ಸೇರಿ ಇಟ್ಟಂತಿರುವ ಹೆಸರು. ಈ ಜಿಲ್ಲೆಯಲ್ಲಿ ದಿನ್ನಿಯೆಂದು ಮುಗಿಯುವ ಗ್ರಾಮನಾಮಗಳು ಬೇರೆಯೂ ಇವೆ. ಮಳೆನೀರು ನಿಲ್ಲುವ ತಗ್ಗನ್ನು ಬೆಳೆಗೆ ಬಿಟ್ಟು, ನೀರು ಹರಿದುಹೋಗುವ ದಿಬ್ಬವನ್ನು ವಾಸಕ್ಕೆ ಆರಿಸಿಕೊಳ್ಳುವುದು ಎರೆಯ ಸೀಮೆಯ ಹಳೆಯ ವಿವೇಕ.

ಹೊಲಕ್ಕೆ ವರವಾದ ಎರೆಮಣ್ಣು ಗೋಡೆಗೆ ಶತ್ರು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಗೆ ಬಂದಿತೆಂದರೆ ಕುಗ್ಗಿ, ಕೈ ತೂರುವಷ್ಟು ಅಗಲವಾಗಿ ಬಾಯಿ ಬಿಡುತ್ತದೆ. ಅದರ ಮೇಲೆ ನಿಂತ ಮನೆ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಇಡೀ ಮನೆ ಒಂದೇ ಸಮನಾಗಿ ಏರಿಳಿದರೆ ಕೇಡಿಲ್ಲ. ಒಂದು ಮೂಲೆ ಏರಿ ಮತ್ತೊಂದು ಉಳಿಯುವುದರಿಂದ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಆದುದರಿಂದಲೇ ಈ ಕಡೆಯ ಅನುಭವಸ್ಥ ಗೌಂಡಿ ಎರೆಯನ್ನು ತೋಡಿ ತೆಗೆದು, ಗರಸು ಸಿಕ್ಕ ಮೇಲೆಯೇ ಬುನಾದಿಯ ಮೊದಲ ಕಲ್ಲನ್ನಿಡುವುದು. ಎರೆ ತೀರ ಆಳವಾಗಿರುವ ಕಡೆ ಏನು ಗತಿ? ಇದಕ್ಕೆ 1950ರ ದಶಕದಲ್ಲಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಒಂದು ಉಪಾಯವನ್ನು ರೂಢಿಗೆ ತಂದಿತು. ನೆಲದಲ್ಲಿ ಸಪೂರವಾದ ಆಳದ ಕುಳಿಯನ್ನು ಕೊರೆದು, ಅದರ ತಳವನ್ನು ಮಾತ್ರ ಎರಡೂವರೆ ಪಟ್ಟು ಅಗಲಿಸಿ, ಕಬ್ಬಿಣವಿಟ್ಟು ಕಾಂಕ್ರೀಟು ತುಂಬುವುದು. ಸುಮಾರು 3.5 ಮೀಟರು ಆಳಕ್ಕಿಳಿದರೆ ಮಣ್ಣಿನ ಉಬ್ಬರವಿಳಿತ ಬಹುಮಟ್ಟಿಗೆ ನಿಂತಿರುತ್ತದೆ. ಗೆಡ್ಡೆಯಂತಹ ಆ ಬುಡ ಅಲ್ಲಿ ಕಚ್ಚಿಕೊಳ್ಳುತ್ತದೆ. ಗೌಂಡಿಯ ಗುದ್ದಲಿಯೂ ವಿಜ್ಞಾನಿಯ ಭೈರಿಗೆಯೂ ಹುಡುಕಿದ್ದು ಒಂದನ್ನೇ, ಅಲುಗದ ನೆಲವನ್ನು.

ಬುನಾದಿಯ ಚಿಂತೆ ತೀರಿದ ಮೇಲೆ ಬಿಸಿಲಿನ ಚಿಂತೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿಯನ್ನು ದಾಟುವುದು ವಾರ್ಷಿಕ ವ್ರತದಂತೆ ತಪ್ಪದು. ಹಳೆಯ ಮನೆಯ ಗೋಡೆ ಕಲ್ಲುಮಣ್ಣಿನದು, ಮೊಳಕ್ಕೂ ಮೀರಿದ ದಪ್ಪ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಹಾಗೂ ಸೊಪ್ಪು, ಅದರ ಮೇಲೆ ಮಣ್ಣಿನ ಮೇಲುಮುದ್ದೆ, ಎಲ್ಲಕ್ಕೂ ಮೇಲೆ ಸವುಳು ಮಣ್ಣಿನ ಹೊದಿಕೆ. ಬೆಳೆ ಬಾರದ ಆ ಸವುಳು ನೀರು ಬಿದ್ದೊಡನೆ ಬಿಗಿದುಕೊಂಡು, ನೀರನ್ನು ಒಳಕ್ಕಿಳಿಯಗೊಡದೆ ದೋಣಿಯತ್ತ ಕಳುಹಿಸುತ್ತದೆ. ಹೊಲಕ್ಕೆ ಬೇಡವಾದ ಮಣ್ಣಿಗೆ ಮನೆಯ ನೆತ್ತಿಯಲ್ಲಿ ಸ್ಥಾನ! ಹಗಲಿನ ಕಾವು ಈ ದಪ್ಪವನ್ನು ದಾಟಿ ಒಳಕ್ಕೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಗವಾಕ್ಷಿಯಿಂದ ಬೆಳಕು ಬೀಳುತ್ತದೆ, ಹೊಗೆ ಹೊರಡುತ್ತದೆ. ಬಾಗಿಲ ಬಳಿಯ ತಗ್ಗಿನ ದಂದಕ್ಕಿಯಲ್ಲಿ ಎತ್ತು ಆಕಳಿಗೆ ಗ್ವಾದಲಿ. ಅಲ್ಲಿಂದ ಮೆಟ್ಟಿಲೇರಿದರೆ ಪಡಸಾಲೆ, ಅಡುಗೆಮನೆ. ಯಾವ ನಕ್ಷೆಗಾರನೂ ಬರೆಯದ, ಆದರೆ ಒಕ್ಕಲುತನದ ಒಂದೊಂದು ಅಗತ್ಯವನ್ನೂ ಬಲ್ಲ ನಕ್ಷೆಯದು.

ಜಿಲ್ಲೆಯ ಕೇಂದ್ರಕ್ಕೆ ಹೋದರೆ ನಿರ್ಮಾಣದ ಮತ್ತೊಂದು ಮುಖ. ರಾಯಚೂರಿನ ಕೋಟೆಯನ್ನು ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದನೆಂದು ಅಲ್ಲಿಯ ಶಾಸನ ಸಾರುತ್ತದೆ. ಶಾಸನವಿರುವ ಬಂಡೆಯ ಉದ್ದ 41 ಅಡಿಗೂ ಹೆಚ್ಚು. ಅಷ್ಟು ದೊಡ್ಡ ಕಲ್ಲನ್ನು ತಂದ ಬಗೆ ಹೇಗೆಂದು ಕೇಳುವವರಿಗೆ ಗೋಡೆಯ ಮೇಲೆಯೇ ಉತ್ತರವಿದೆ: ಬಂಡಿಯ ಮೇಲೆ ಬಂಡೆ, ಅದನ್ನೆಳೆಯುವ ಕೋಣಗಳ ಸಾಲು. ಕಟ್ಟಿಸಿದವನ ಹೆಸರಿನ ಜೊತೆಗೆ ಎಳೆದ ಕೋಣಗಳಿಗೂ ಕಲ್ಲಿನಲ್ಲಿ ಜಾಗ ಕೊಟ್ಟ ಆ ಔದಾರ್ಯ ಇಂದಿನ ಶಂಕುಸ್ಥಾಪನೆಯ ಫಲಕಗಳಲ್ಲಿ ಕಾಣಸಿಗದು.

1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲುಹಾದಿಗಳು ರಾಯಚೂರಿನಲ್ಲಿ ಸಂಧಿಸಿದುವು. ಬಳಿಕ ಇಲ್ಲಿ ಬೆಳೆದ ಹತ್ತಿಯ ಜಿನ್ನುಗಳು, ಬತ್ತದ ಗಿರಣಿಗಳು ತಗಡಿನ ಉದ್ದನೆಯ ಚಾವಣಿಗಳನ್ನು ತಂದವು. ಆದರೆ ಉದ್ಯಮದ ಕಟ್ಟಡವೆಂದರೇನೆಂಬುದು ಜಿಲ್ಲೆಗೆ ಪೂರ್ಣವಾಗಿ ತಿಳಿದದ್ದು ಕೃಷ್ಣೆಯ ದಡದ ದೇವಸೂಗೂರಿನ ಬಳಿ ಶಾಖೋತ್ಪನ್ನ ವಿದ್ಯುತ್ ಕೇಂದ್ರ ತಲೆಯೆತ್ತಿದಾಗ. ಅದರ ಮೊದಲ ಘಟಕ ಶುರುವಾದುದು 1985ರಲ್ಲಿ. 210 ಮೆಗಾವಾಟಿನ ಏಳು, 250 ಮೆಗಾವಾಟಿನ ಒಂದು, ಹೀಗೆ ಕಾಲಕ್ರಮದಲ್ಲಿ ಎಂಟಾದುವು. ಕಲ್ಲಿದ್ದಲಿಗೆ ರೈಲು, ಯಂತ್ರಕ್ಕೆ ನದಿಯ ನೀರು, ಹೊಗೆಗೆ ಮುಗಿಲೆತ್ತರದ ಚಿಮಣಿ, ಬೂದಿಗೆ ಹೊಂಡ, ನೌಕರರಿಗೆ ಶಕ್ತಿನಗರವೆಂಬ ಹೊಸ ಊರು. ಇಂತಹ ಸ್ಥಾವರದಲ್ಲಿ ನೆಲವನ್ನು ಕೊರೆದು ಮಣ್ಣು ಕಲ್ಲುಗಳ ಬಲವನ್ನು ಪರೀಕ್ಷಿಸದೆ ಕಾಗದದ ಮೇಲೆ ಗೆರೆಯನ್ನೆಳೆಯುವುದಿಲ್ಲ. ಯಂತ್ರಕ್ಕೆ ದೊರೆತ ಈ ಮನ್ನಣೆ ಮನುಷ್ಯನ ಮನೆಗೂ ದೊರೆತಿದೆಯೆ?

2009ರ ಸೆಪ್ಟೆಂಬರಿನ ಕೊನೆಯ, ಅಕ್ಟೋಬರಿನ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಬಿಡದೆ ಸುರಿದ ಮಳೆ ಈ ಪ್ರಶ್ನೆಯನ್ನು ಕೇಳಿತು. ನೆನೆದು ಭಾರವಾದ ಮಾಳಿಗೆಗಳು ಕುಸಿದುವು. ಮಣ್ಣಿನ ಗೋಡೆಗಳು ಕರಗಿದುವು. ನದಿತೀರದ ಹಳ್ಳಿಗಳಿಗೆ ಪ್ರವಾಹ ನುಗ್ಗಿತು. ಹಳೆಯ ಮನೆಯ ಗುಣಗಾನ ಮಾಡುವವರು ಮರೆಯಬಾರದ ದಿನಗಳವು. ಮೇಲುಮುದ್ದೆಯ ಮನೆಗೆ ವರ್ಷವರ್ಷವೂ ಸವುಳು ಬೇಕು, ಕೈಯಾಳು ಬೇಕು. ದುಡಿಯುವವರು ಗುಳೆ ಹೋದ ಮನೆಯ ಮಾಳಿಗೆಯನ್ನು ಮೆತ್ತುವವರಾರು?

ಆಮೇಲೆ ‘ಆಸರೆ’ ಯೋಜನೆಯಲ್ಲಿ ಸರಕಾರವೂ ದಾನಿಗಳೂ ಸೇರಿ ಎತ್ತರದ ಜಾಗಗಳಲ್ಲಿ ನವಗ್ರಾಮಗಳನ್ನು ಕಟ್ಟಿಸಿದರು. ನೇರವಾದ ಬೀದಿ, ಸಾಲುಸಾಲು ಕಾಂಕ್ರೀಟಿನ ಮನೆ. ಮಳೆಗೆ ಕರಗದ ಸೂರು ದೊರೆತದ್ದು ಸಣ್ಣ ಉಪಕಾರವಲ್ಲ. ಆದರೂ ಕೆಲವೆಡೆ ಜನ ಅಲ್ಲಿಗೆ ಹೋಗಲೊಲ್ಲದೆ ಉಳಿದರು. ಹೊಲ ದೂರವಾಯಿತು, ಎತ್ತು ಕಟ್ಟಲು ಎಡೆಯಿಲ್ಲ, ಕಾಳಿನ ಚೀಲವಿಟ್ಟರೆ ಮಲಗಲು ಜಾಗವಿಲ್ಲ. ನಾಲ್ಕೈದು ಅಂಗುಲದ ಕಾಂಕ್ರೀಟಿನ ಸೂರು ಸಂಜೆಯ ವೇಳೆಗೆ ಕಾದ ಹಂಚಿನಂತಾಗುತ್ತದೆ. ಮನೆಯೆಂದರೆ ನಾಲ್ಕು ಗೋಡೆ ಒಂದು ಸೂರು ಎಂಬ ಪಟ್ಟಣದ ಲೆಕ್ಕ ಒಕ್ಕಲಿಗನ ಬಾಳಿಗೆ ಹೊಂದಲಿಲ್ಲ.

ಪರಿಹಾರ ದುಬಾರಿಯದೇನೂ ಅಲ್ಲ. ತಾರಸಿಗೆ ದಪ್ಪನಾಗಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಿರುಗುತ್ತದೆ. ತಾರಸಿಯ ಮೇಲೆ ಮಡಕೆಗಳನ್ನು ಬೋರಲಾಗಿ ಜೋಡಿಸಿ ಗಾರೆ ಹಾಕಿದರೆ ಒಳಗಿನ ಗಾಳಿಯೇ ಕಾವನ್ನು ತಡೆಯುತ್ತದೆ. ಪಡುವಣ ಗೋಡೆಗೆ ನೆರಳು ಚಾಚುವ ಒಂದು ಪಡಸಾಲೆ, ಚಾವಣಿಯ ಸಮೀಪ ಬಿಸಿಗಾಳಿ ಹೊರಡುವ ಕಿಂಡಿ, ಹಿತ್ತಿಲಲ್ಲಿ ದನಕ್ಕೊಂದು ಮಾಡು: ಇಷ್ಟನ್ನು ನಕ್ಷೆಯಲ್ಲಿ ಮೊದಲೇ ಬರೆದಿಟ್ಟರೆ ಆಗುವ ಖರ್ಚು ಅಲ್ಪ, ಮನೆ ಎದ್ದ ಮೇಲೆ ಸೇರಿಸಹೊರಟರೆ ಆಗುವುದು ಬಹಳ.

ಇತ್ತ ಕಲ್ಲಿದ್ದಲು ಸುಟ್ಟುಳಿದ ಹಾರುಬೂದಿ ಸಿಮೆಂಟಿನಲ್ಲಿಯೂ ಇಟ್ಟಿಗೆಗಳಲ್ಲಿಯೂ ಬೆರೆತು ಹೊಸ ಮನೆಗಳ ಗೋಡೆಯಾಗುತ್ತಿದೆ. ಅನುಕೂಲವುಳ್ಳ ಮನೆತನಗಳು ತಮ್ಮದೇ ಬಗೆಯ ರಾಜಿ ಮಾಡಿಕೊಂಡಿವೆ: ಬೀದಿಯ ಕಡೆಗೆ ಬಣ್ಣ ಬಳಿದ ಕಾಂಕ್ರೀಟಿನ ಮನೆ, ಅದರ ಬೆನ್ನಿಗೆ ಹಿರಿಯರ ಮಣ್ಣಿನ ಮಾಳಿಗೆ. ಮಳೆಗಾಲದ ರಾತ್ರಿ ಎಲ್ಲರ ಹಾಸಿಗೆಯೂ ಮುಂದಿನ ಮನೆಯಲ್ಲಿ. ಬೇಸಗೆಯ ಮಧ್ಯಾಹ್ನ ಬಾಗಿಲು ಮುಂದೆ ಮಾಡಿ, ಹಿರಿಯರೂ ಕೂಸುಗಳೂ ಹಿಂದಿನ ಮನೆಯ ಪಡಸಾಲೆಗೆ ಸರಿಯುತ್ತಾರೆ.